ಮಾಜಿ ಸೈನಿಕರಲ್ಲಿ ಪಿಟಿಎಸ್‌ಡಿ: ಹೇಗೆ ಕೇಳಬೇಕು, ಹೇಗೆ ಗುಣಪಡಿಸಬೇಕು

‘ಕೆಟ್ಟ ಕನಸು ಬೀಳುತ್ತಾ?’ ಎಂದು ವೈದ್ಯರು ಕೇಳುತ್ತಾರೆ. ‘ಇಲ್ಲ ಸರ್’ ಎನ್ನುತ್ತಾರೆ ಎದುರು ಕುಳಿತ ಮಾಜಿ ಸೈನಿಕ. ಪ್ರಶ್ನೆ ಅಲ್ಲಿಗೇ ನಿಂತರೆ ಚೀಟಿಯಲ್ಲಿ ‘ನಿದ್ರಾಹೀನತೆ’ ಎಂದು ಬರೆದು ಒಂದು ನಿದ್ರೆ ಮಾತ್ರೆ ಕೊಟ್ಟು ಕಳಿಸುವುದಾಗುತ್ತದೆ. ಅದೇ ವೈದ್ಯರು ‘ರಾತ್ರಿ ಎಷ್ಟು ಸಲ ಎಚ್ಚರ ಆಗುತ್ತೆ? ಎಚ್ಚರ ಆದಾಗ ಬೆವತಿರ್ತೀರಾ? ಆಮೇಲೆ ಏನು ಮಾಡ್ತೀರಿ?’ ಎಂದು ಕೇಳಿದರೆ ಉತ್ತರ ಬೇರೆಯೇ ಆಗಬಹುದು. ‘ಎರಡು ಗಂಟೆಗೆ ಏಳ್ತೀನಿ. ಬಾಗಿಲು ಕಿಟಕಿ ಎಲ್ಲ ನೋಡ್ಕೊಂಡು ಬರ್ತೀನಿ. ಮತ್ತೆ ಮಲಗಲ್ಲ. ಮಲಗಿದ್ರೆ ಅದೇ ಬರುತ್ತೆ.’

ಮೊದಲ ‘ಇಲ್ಲ’ ಸುಳ್ಳಲ್ಲ. ‘ಅದು’ ಏನೆಂದು ಬಾಯಿಬಿಟ್ಟು ಹೇಳದಿರುವುದು ಈ ಕಾಯಿಲೆಯ ಒಂದು ಲಕ್ಷಣ.

ಪೋಸ್ಟ್ ಟ್ರಾಮಾಟಿಕ್ ಸ್ಟ್ರೆಸ್ ಡಿಸಾರ್ಡರ್, ಅಂದರೆ ಪಿಟಿಎಸ್‌ಡಿ, ನೆನಪಿನ ಕಾಯಿಲೆ ಎಂದು ಹೆಚ್ಚಿನವರು ತಿಳಿದಿದ್ದಾರೆ. ಅದು ಅರ್ಧ ಸತ್ಯ. ಗುಂಡಿನ ಚಕಮಕಿ, ಸ್ಫೋಟ, ಜೊತೆಗಾರನ ಸಾವು ಇವನ್ನು ಕಂಡ ಮೊದಲ ವಾರಗಳಲ್ಲಿ ನಿದ್ದೆ ಕೆಡುವುದು, ಸಣ್ಣ ಸದ್ದಿಗೂ ಬೆಚ್ಚುವುದು ಬಹಳ ಜನರಿಗೆ ಆಗುತ್ತದೆ. ಬಹುಪಾಲು ಜನರಲ್ಲಿ ಅದು ತಾನಾಗಿ ಇಳಿಯುತ್ತದೆ. ಇಳಿಯದೆ ಉಳಿದವರಲ್ಲಿ ಒಂದು ಚಕ್ರ ಶುರುವಾಗಿರುತ್ತದೆ. ನೆನಪು ನುಗ್ಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಮನುಷ್ಯ ಅಲ್ಲಿಂದ ಎದ್ದು ಹೋಗುತ್ತಾನೆ ಅಥವಾ ಒಂದು ಪೆಗ್ ಹಾಕುತ್ತಾನೆ, ಎದೆಬಡಿತ ಇಳಿಯುತ್ತದೆ. ‘ಎದ್ದು ಬಂದೆ, ಅದಕ್ಕೇ ಬಚಾವಾದೆ’ ಎಂದು ಮಿದುಳು ಪ್ರತಿ ಸಲವೂ ಲೆಕ್ಕ ಬರೆದುಕೊಳ್ಳುತ್ತದೆ. ಎದ್ದು ಬರದಿದ್ದರೂ ಏನೂ ಆಗುತ್ತಿರಲಿಲ್ಲ ಎಂಬುದನ್ನು ಕಲಿಯಲು ಅದಕ್ಕೆ ಅವಕಾಶವೇ ಸಿಗುವುದಿಲ್ಲ. ಕಾಯಿಲೆಯನ್ನು ವರ್ಷಗಟ್ಟಲೆ ಸಾಕುವುದು ಈ ತಪ್ಪಿಸಿಕೊಳ್ಳುವಿಕೆ. ಪತ್ತೆ ಹಚ್ಚುವುದನ್ನು ಕಷ್ಟ ಮಾಡುವುದೂ ಅದೇ, ಚಿಕಿತ್ಸೆ ನಡುವೆ ನಿಲ್ಲುವುದಕ್ಕೆ ದೊಡ್ಡ ಕಾರಣವೂ ಅದೇ. ‘ಹಳೇದನ್ನೆಲ್ಲ ಮರೆತುಬಿಡಿ’ ಎಂದು ಮನೆಯವರು ಒಳ್ಳೆಯ ಮನಸ್ಸಿನಿಂದ ಹೇಳುವ ಮಾತು ಈ ಚಕ್ರಕ್ಕೆ ಎಣ್ಣೆ ಹಾಕುತ್ತದೆ.

ಸೈನಿಕರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಗೋಡೆಗೆ ಬೆನ್ನು ಕೊಟ್ಟು ಕೂರುವುದು, ರಸ್ತೆ ಬದಿಯ ಕಸದ ರಾಶಿಯನ್ನು ಅನುಮಾನದಿಂದ ನೋಡುವುದು, ಕಷ್ಟವನ್ನು ಹೇಳಿಕೊಳ್ಳದಿರುವುದು ಇವೆಲ್ಲ ತರಬೇತಿಯಲ್ಲಿ ಕಲಿಸಿದ್ದು, ರಣರಂಗದಲ್ಲಿ ಜೀವ ಉಳಿಸಿದ್ದು. ಅವು ರೋಗಲಕ್ಷಣ ಎಂದು ಒಂದು ದಿನ ಯಾರೋ ಹೇಳಿದರೆ ಒಪ್ಪುವುದು ಸುಲಭವಲ್ಲ. ಅನುಭವ ಇರುವ ಚಿಕಿತ್ಸಕರು ಹಾಗೆ ಹೇಳುವುದೂ ಇಲ್ಲ. ಆ ಅಭ್ಯಾಸ ಅಲ್ಲಿ ಕೆಲಸಕ್ಕೆ ಬಂತು, ಇಲ್ಲಿ ಅದಕ್ಕೆ ಎಷ್ಟು ಬೆಲೆ ತೆರುತ್ತಿದ್ದೀರಿ ಎಂದು ಕೇಳುತ್ತಾರೆ.

ಪತ್ತೆ ಹಚ್ಚುವ ಕ್ರಮ

ಮೊದಲ ಮಹಾಯುದ್ಧದಲ್ಲಿ ಇದನ್ನು ‘ಶೆಲ್ ಶಾಕ್’ ಎಂದರು. 1915ರಲ್ಲಿ ಬ್ರಿಟಿಷ್ ವೈದ್ಯ ಚಾರ್ಲ್ಸ್ ಮೈಯರ್ಸ್ ಆ ಹೆಸರನ್ನು ವೈದ್ಯಕೀಯ ಪತ್ರಿಕೆಗೆ ತಂದರು. ವಿಯೆಟ್ನಾಂ ಯುದ್ಧದಿಂದ ಮರಳಿದವರ ಒತ್ತಾಯ ಬಹುಮಟ್ಟಿಗೆ ಕಾರಣವಾಗಿ, 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ರೋಗಪಟ್ಟಿಯಲ್ಲಿ ಪಿಟಿಎಸ್‌ಡಿ ಸೇರಿತು. ಆ ಪಟ್ಟಿಯ ಐದನೇ ಆವೃತ್ತಿಯಾದ ಡಿಎಸ್‌ಎಂ-5 ಬಂದದ್ದು 2013ರಲ್ಲಿ, ಅದರ ಪರಿಷ್ಕೃತ ರೂಪ 2022ರಲ್ಲಿ.

ಅದರ ಪ್ರಕಾರ ಮೊದಲ ಷರತ್ತು ಘಟನೆ. ಸಾವು, ಗಂಭೀರ ಗಾಯ ಅಥವಾ ಲೈಂಗಿಕ ಹಿಂಸೆಯನ್ನು, ಇಲ್ಲವೇ ಅದರ ಅಪಾಯವನ್ನು, ಸ್ವತಃ ಅನುಭವಿಸಿರಬೇಕು, ಕಣ್ಣಾರೆ ಕಂಡಿರಬೇಕು, ಆಪ್ತರಿಗೆ ಹಾಗಾಯಿತೆಂದು ತಿಳಿದಿರಬೇಕು, ಇಲ್ಲವೇ ಕೆಲಸದ ಭಾಗವಾಗಿ ಅದರ ಭೀಕರ ವಿವರಗಳಿಗೆ ಮತ್ತೆ ಮತ್ತೆ ಒಡ್ಡಿಕೊಂಡಿರಬೇಕು. ಕೊನೆಯದನ್ನು ಮರೆಯುವವರು ಬಹಳ. ಹೆಣಗಳನ್ನು ಗುರುತಿಸಿ ಪೆಟ್ಟಿಗೆಗೆ ಇಡುವವರು, ಪರದೆಯ ಮೇಲೆ ಡ್ರೋನ್ ದೃಶ್ಯ ನೋಡುವ ಕೆಲಸದವರು, ವೈದ್ಯಕೀಯ ದಳದವರು ಇವರೆಲ್ಲ ‘ನಾನು ಗುಂಡು ಹಾರಿಸಿದವನೇ ಅಲ್ಲವಲ್ಲ’ ಎಂದು ತಮ್ಮನ್ನು ತಾವೇ ಲೆಕ್ಕದಿಂದ ಹೊರಗಿಡುತ್ತಾರೆ. ಸೇವೆಯಲ್ಲಿದ್ದಾಗ ಸಹೋದ್ಯೋಗಿಯಿಂದಲೇ ಆದ ಲೈಂಗಿಕ ಹಿಂಸೆಯನ್ನು ಕೇಳದೆ ಯಾರೂ ಹೇಳುವುದಿಲ್ಲ. ಅಮೆರಿಕದ ಮಾಜಿ ಸೈನಿಕರ ಆರೋಗ್ಯ ವ್ಯವಸ್ಥೆಯಲ್ಲಿ ಎಲ್ಲರನ್ನೂ ಕೇಳುವ ಪದ್ಧತಿ ಇದೆ. ಅಲ್ಲಿ ಸುಮಾರು ಮೂವರಲ್ಲಿ ಒಬ್ಬ ಮಹಿಳೆ, 50ರಲ್ಲಿ ಒಬ್ಬ ಪುರುಷ ಹೌದು ಎನ್ನುತ್ತಾರೆ. ಪುರುಷರನ್ನು ಕೇಳಬೇಕಿಲ್ಲ ಎಂದುಕೊಂಡವರು ಈ ಎರಡನೆಯ ಅಂಕಿಯನ್ನು ಗಮನಿಸಬೇಕು.

ಘಟನೆಯ ನಂತರ ಲಕ್ಷಣಗಳು. ಒಟ್ಟು 20, ನಾಲ್ಕು ಗುಂಪು. ಘಟನೆ ಮತ್ತೆ ನುಗ್ಗಿ ಬರುವ 5 ಲಕ್ಷಣಗಳಲ್ಲಿ ಕನಿಷ್ಠ 1. ತಪ್ಪಿಸಿಕೊಳ್ಳುವ 2ರಲ್ಲಿ 1. ಯೋಚನೆ ಮತ್ತು ಭಾವನೆ ಕೆಡುವ 7ರಲ್ಲಿ 2. ದೇಹ ಸದಾ ಕಟ್ಟೆಚ್ಚರದಲ್ಲಿರುವ 6ರಲ್ಲಿ 2. ಇವು ಒಂದು ತಿಂಗಳಿಗಿಂತ ಹೆಚ್ಚು ಕಾಲ ಇರಬೇಕು, ಬದುಕಿಗೆ ಅಡ್ಡ ಬಂದಿರಬೇಕು, ಮದ್ಯ, ಔಷಧಿ ಅಥವಾ ಬೇರೆ ದೈಹಿಕ ಕಾಯಿಲೆಯ ಪರಿಣಾಮ ಆಗಿರಬಾರದು. ಪೂರ್ಣ ಚಿತ್ರ ಘಟನೆಯಾಗಿ ಆರು ತಿಂಗಳೋ ಹಲವು ವರ್ಷವೋ ಕಳೆದ ಮೇಲೆ ಕಾಣಿಸಿಕೊಳ್ಳುವುದೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11ರಲ್ಲಿ ಲಕ್ಷಣಗಳ ಪಟ್ಟಿ ಇದಕ್ಕಿಂತ ಚಿಕ್ಕದು. ದೀರ್ಘಕಾಲದ, ಮತ್ತೆ ಮತ್ತೆ ಆದ ಆಘಾತದ ನಂತರ ಕಾಣುವ ‘ಸಂಕೀರ್ಣ ಪಿಟಿಎಸ್‌ಡಿ’ಯನ್ನು ಅದು ಪ್ರತ್ಯೇಕವಾಗಿ ಗುರುತಿಸುತ್ತದೆ.

ಕೆಲಸ ನಡೆಯುವುದು ಮೂರು ಹಂತದಲ್ಲಿ. ಸಾಮಾನ್ಯ ವೈದ್ಯರ ಬಳಿ ಐದು ಪ್ರಶ್ನೆಗಳ ಜರಡಿ, ಹೌದು–ಇಲ್ಲ ಉತ್ತರ, 3 ಅಥವಾ 4 ಹೌದು ಬಂದರೆ ಮುಂದಿನ ಹಂತ. ನಂತರ ಪಿಸಿಎಲ್-5 ಎಂಬ 20 ಪ್ರಶ್ನೆಗಳ ನಮೂನೆ. ಪ್ರತಿ ಪ್ರಶ್ನೆಗೆ 0ಯಿಂದ 4, ಒಟ್ಟು 80. ಅಂಕ 31ರಿಂದ 33 ದಾಟಿದರೆ ಪಿಟಿಎಸ್‌ಡಿ ಇರುವ ಸಾಧ್ಯತೆ ಹೆಚ್ಚು. ಕೊನೆಗೆ ಕ್ಯಾಪ್ಸ್-5 ಎಂಬ ಕ್ರಮಬದ್ಧ ಸಂದರ್ಶನ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಒಂದೊಂದು ಲಕ್ಷಣವೂ ಕಳೆದ ತಿಂಗಳಲ್ಲಿ ಎಷ್ಟು ಸಲ, ಎಷ್ಟು ತೀವ್ರ ಎಂದು ಕೇಳಿ ಪರೀಕ್ಷಕರೇ ಅಂಕ ಕೊಡುತ್ತಾರೆ.

ತಪ್ಪಾಗುವುದು ಹೆಚ್ಚಾಗಿ ಎರಡನೇ ಹಂತದಲ್ಲಿ. ಯಾವ ಘಟನೆಯ ಬಗ್ಗೆ ಉತ್ತರಿಸಬೇಕು ಎಂದು ಹೇಳದೆ ನಮೂನೆ ಕೈಗೆ ಕೊಟ್ಟರೆ ವಿಚ್ಛೇದನ, ಬೆನ್ನುನೋವು, ಸಾಲ ಎಲ್ಲದರ ಸಂಕಟವೂ ಅದರೊಳಗೆ ಬಂದು ಕೂರುತ್ತದೆ. ಅಂಕ 50 ಆಗುತ್ತದೆ, ಪಿಟಿಎಸ್‌ಡಿ ಇರುವುದಿಲ್ಲ. ಇದಕ್ಕೆ ವಿರುದ್ಧವಾದದ್ದೂ ಆಗುತ್ತದೆ. ಇನ್ನೂ ಸೇವೆಯಲ್ಲಿ ಇರುವವರು ಆಯುಧ ಕಿತ್ತುಕೊಳ್ಳುತ್ತಾರೆ, ಬಡ್ತಿ ತಪ್ಪುತ್ತದೆ ಎಂಬ ಭಯದಲ್ಲಿ ಎಲ್ಲದಕ್ಕೂ 0 ಅಥವಾ 1 ಹಾಕಿ ಬರುತ್ತಾರೆ. ಪಿಂಚಣಿ ಆಸೆಗೆ ಅಂಕ ಏರಿಸುವವರ ಬಗ್ಗೆ ಮಾತಾಡುವಷ್ಟು ಜನ ಇಳಿಸುವವರ ಬಗ್ಗೆ ಮಾತಾಡುವುದಿಲ್ಲ. ಎರಡಕ್ಕೂ ಮದ್ದು ಸಂದರ್ಶನವೇ. ‘ಕಳೆದ ವಾರ ಯಾವ ದಿನ ಹಾಗಾಯ್ತು? ಆಗ ಎಲ್ಲಿದ್ದಿರಿ? ಆಮೇಲೆ ಏನಾಯ್ತು?’ ಎಂಬ ಪ್ರಶ್ನೆಗಳ ಮುಂದೆ ಬಾಯಿಪಾಠದ ಉತ್ತರ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಅಳತೆಗೋಲು ಬದಲಾದರೆ ಚಿತ್ರ ಎಷ್ಟು ಬದಲಾಗುತ್ತದೆ ನೋಡಿ. 1988ರ ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯೊಂದು ವಿಯೆಟ್ನಾಂನಲ್ಲಿ ಸೇವೆ ಸಲ್ಲಿಸಿದ ಪುರುಷರಲ್ಲಿ ಶೇ 30.9 ಮಂದಿಗೆ ಜೀವನದ ಯಾವುದೋ ಘಟ್ಟದಲ್ಲಿ, ಶೇ 15.2 ಮಂದಿಗೆ ಸಮೀಕ್ಷೆಯ ಹೊತ್ತಿನಲ್ಲಿ ಪಿಟಿಎಸ್‌ಡಿ ಇತ್ತು ಎಂದಿತು. 2006ರಲ್ಲಿ ಅದೇ ಮಾಹಿತಿಯನ್ನು ಸೇನಾ ದಾಖಲೆಗಳ ಜೊತೆ ತಾಳೆ ನೋಡಿ, ಬದುಕಿಗೆ ನಿಜವಾಗಿ ಅಡ್ಡಿಯಾಗಿತ್ತೇ ಎಂದೂ ಪರಿಶೀಲಿಸಿದಾಗ ಅದು ಶೇ 18.7 ಮತ್ತು ಶೇ 9.1ಕ್ಕೆ ಇಳಿಯಿತು. ಇಳಿದ ಅಂಕಿಯೂ ಸಣ್ಣದಲ್ಲ.

ಹೋಲುವ ಕಾಯಿಲೆಗಳು

ಸ್ಫೋಟದ ಅಲೆಗೆ ಸಿಕ್ಕವರಿಗೆ ತಲೆಗೂ ಪೆಟ್ಟಾಗಿರುತ್ತದೆ. ಸಿಟ್ಟು, ಮರೆವು, ಗಮನ ನಿಲ್ಲದಿರುವುದು, ನಿದ್ದೆಗೇಡು ಇವು ಮಿದುಳಿನ ಪೆಟ್ಟಿನಲ್ಲೂ ಇವೆ, ಪಿಟಿಎಸ್‌ಡಿಯಲ್ಲೂ ಇವೆ. ತಲೆನೋವು, ತಲೆಸುತ್ತು, ಬೆಳಕು ಸಹಿಸಲಾಗದಿರುವುದು ಪೆಟ್ಟಿನ ಕಡೆ ಬೆರಳು ತೋರಿಸುತ್ತವೆ. ಘಟನೆ ಮತ್ತೆ ಕಣ್ಣೆದುರು ಬರುವುದು, ಅದನ್ನು ನೆನಪಿಸುವ ಜಾಗವನ್ನು ತಪ್ಪಿಸುವುದು ಪಿಟಿಎಸ್‌ಡಿಗೇ ವಿಶಿಷ್ಟ. ಎರಡೂ ಒಟ್ಟಿಗೆ ಇರುವವರು ಅನೇಕರು. ಸೌಮ್ಯ ಪೆಟ್ಟು ಇದೆ ಎಂಬ ಕಾರಣಕ್ಕೆ ಪಿಟಿಎಸ್‌ಡಿ ಚಿಕಿತ್ಸೆ ಮುಂದೂಡುವ ಅಗತ್ಯವಿಲ್ಲ.

ಗೊರಕೆ ಹೊಡೆಯುತ್ತಾ ನಡುವೆ ಉಸಿರು ನಿಂತು ಎಚ್ಚರವಾಗುವ ಸ್ಲೀಪ್ ಆ್ಯಪ್ನಿಯಾವನ್ನು ಕೇಳಲೇಬೇಕು. ಅದು ದುಃಸ್ವಪ್ನವನ್ನು ಹೆಚ್ಚಿಸುತ್ತದೆ, ಹಗಲಿನ ಸಿಡುಕನ್ನೂ ಹೆಚ್ಚಿಸುತ್ತದೆ. ಮಾಸ್ಕ್ ಹಾಕಿ ಮಲಗಿಸುವ ಯಂತ್ರದಿಂದ ಅರ್ಧ ತೊಂದರೆ ಇಳಿದ ಕೇಸುಗಳು ಅಪರೂಪವಲ್ಲ. ಮದ್ಯದ ವಿಷಯದಲ್ಲಿ ಹಳೆಯ ನಿಯಮ ‘ಮೊದಲು ಕುಡಿತ ಬಿಡಿ, ಆಮೇಲೆ ಬನ್ನಿ’ ಎಂಬುದಾಗಿತ್ತು. ಈಗ ಎರಡಕ್ಕೂ ಒಟ್ಟಿಗೆ ಚಿಕಿತ್ಸೆ. ಕುಡಿತವೇ ನೆನಪಿನಿಂದ ತಪ್ಪಿಸಿಕೊಳ್ಳುವ ದಾರಿಯಾಗಿರುವಾಗ, ನೆನಪನ್ನು ಮುಟ್ಟದೆ ಕುಡಿತ ಬಿಡಿ ಎನ್ನುವುದು ಊರುಗೋಲು ಕಿತ್ತುಕೊಂಡು ನಡಿ ಎಂದಂತೆ.

ಆತ್ಮಹತ್ಯೆಯ ಯೋಚನೆಯನ್ನು ಸುತ್ತಿ ಬಳಸಿ ಕೇಳಬಾರದು. ‘ಸಾಯಬೇಕು ಅನ್ನಿಸಿದೆಯಾ? ಹೇಗೆ ಎಂದು ಯೋಚಿಸಿದ್ದೀರಾ? ಮನೆಯಲ್ಲಿ ಬಂದೂಕು ಇದೆಯಾ?’ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಆಯುಧ ಬಳಸಲು ಗೊತ್ತಿರುವವರಲ್ಲಿ ಆಯುಧ ಕೈಗೆ ಸಿಗದಂತೆ ಮಾಡುವುದು ಚಿಕಿತ್ಸೆಯ ಮೊದಲ ದಿನದ ಕೆಲಸ. ಬಂದೂಕು ಮತ್ತು ಗುಂಡು ಬೇರೆ ಬೇರೆ ಕಡೆ ಬೀಗದೊಳಗೆ, ಬೀಗದ ಕೈ ಬೇರೆಯವರ ಬಳಿ; ಮಾತ್ರೆ ಒಂದು ಸಲಕ್ಕೆ ಕಡಿಮೆ ಸಂಖ್ಯೆಯಲ್ಲಿ.

ಮಾತಿನ ಚಿಕಿತ್ಸೆಯ ಒಳಗೆ

ಅಮೆರಿಕದ ಸೇನಾ ಮತ್ತು ಮಾಜಿ ಸೈನಿಕ ಇಲಾಖೆಗಳ 2023ರ ಮಾರ್ಗಸೂಚಿ ಮಾತ್ರೆಗಿಂತ ಮೊದಲು ಮೂರು ಮಾತಿನ ಚಿಕಿತ್ಸೆಗಳನ್ನು ಹೇಳುತ್ತದೆ. ಪ್ರೊಲಾಂಗ್ಡ್ ಎಕ್ಸ್‌ಪೋಶರ್, ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ, ಇಎಂಡಿಆರ್. ಮೂರೂ ಆಘಾತದ ನೆನಪನ್ನೇ ಎದುರಿಗಿಟ್ಟುಕೊಂಡು ಕೆಲಸ ಮಾಡುತ್ತವೆ. ‘ಹೇಗಿದ್ದೀರಿ, ಈ ವಾರ ಹೇಗಿತ್ತು’ ಎಂಬ ಸಾಮಾನ್ಯ ಕೌನ್ಸೆಲಿಂಗ್ ಸಮಾಧಾನ ಕೊಡಬಹುದು, ಆದರೆ ಕಾಯಿಲೆಯನ್ನು ಇಷ್ಟು ಇಳಿಸುವುದಿಲ್ಲ.

ಎಡ್ನಾ ಫೋವಾ ರೂಪಿಸಿದ ಪ್ರೊಲಾಂಗ್ಡ್ ಎಕ್ಸ್‌ಪೋಶರ್ ವಾರಕ್ಕೊಂದರಂತೆ 8ರಿಂದ 15 ಭೇಟಿ, ಸಾಮಾನ್ಯವಾಗಿ 90 ನಿಮಿಷ. ಒಳಗೆ ಎರಡು ಕೆಲಸ. ಒಂದು, ಕಣ್ಣು ಮುಚ್ಚಿ ಘಟನೆಯನ್ನು ಈಗ ನಡೆಯುತ್ತಿದೆ ಎಂಬಂತೆ 30–45 ನಿಮಿಷ ಮತ್ತೆ ಮತ್ತೆ ಹೇಳುವುದು. ಅದನ್ನು ರೆಕಾರ್ಡ್ ಮಾಡಿ ಮನೆಯಲ್ಲಿ ದಿನಾ ಕೇಳಬೇಕು. ಇನ್ನೊಂದು, ಹೊರಗೆ ತಪ್ಪಿಸುತ್ತಿರುವ ಜಾಗಗಳ ಪಟ್ಟಿ. ಪ್ರತಿಯೊಂದಕ್ಕೂ 0ಯಿಂದ 100ರವರೆಗೆ ಸಂಕಟದ ಅಂಕ. ಒಂದು ಮಾದರಿ ಪಟ್ಟಿ ಹೀಗಿರಬಹುದು: ಜನ ಕಡಿಮೆ ಇರುವ ಹೊತ್ತು ಅಂಗಡಿಗೆ ಹೋಗುವುದು 35, ಹೋಟೆಲಿನಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕೂರುವುದು 55, ತುಂಬಿದ ಬಸ್ಸಿನಲ್ಲಿ ನಡುವೆ ನಿಲ್ಲುವುದು 70, ಪಟಾಕಿ ಹೊಡೆಯುವ ಕಡೆ ನಿಲ್ಲುವುದು 90. ಶುರು 35–40ರಿಂದ. ಆ ಜಾಗದಲ್ಲಿ ಸಂಕಟ ಅರ್ಧಕ್ಕಿಳಿಯುವವರೆಗೆ ಅಥವಾ 30–45 ನಿಮಿಷ ಇರಬೇಕು. ನಿಜಕ್ಕೂ ಅಪಾಯ ಇರುವ ಜಾಗ ಪಟ್ಟಿಗೆ ಸೇರುವುದಿಲ್ಲ.

ಎಲ್ಲಿ ಕೆಡುತ್ತದೆ? ಸೈನಿಕರು ಘಟನೆಯನ್ನು ಮೇಲಧಿಕಾರಿಗೆ ವರದಿ ಒಪ್ಪಿಸಿದಂತೆ ಹೇಳುತ್ತಾರೆ. ‘06:40ಕ್ಕೆ ವಾಹನ ಸ್ಫೋಟಗೊಂಡಿತು. ಇಬ್ಬರು ಮೃತಪಟ್ಟರು.’ ಇದರಲ್ಲಿ ಸಮಯ ಇದೆ, ಸಂಖ್ಯೆ ಇದೆ, ಆ ವಾಸನೆ ಇಲ್ಲ, ಕೂಗಿದವನ ಹೆಸರಿಲ್ಲ. ಚಿಕಿತ್ಸಕರು ‘ಈಗ ಏನು ಕಾಣ್ತಿದೆ? ಕೈಯಲ್ಲಿ ಏನಿದೆ?’ ಎಂದು ವರ್ತಮಾನಕ್ಕೆ ಎಳೆದು ತರಬೇಕು. ಕಥೆ ಯಾವ ಜಾಗದಲ್ಲಿ ಒಮ್ಮೆಲೇ ವೇಗ ಪಡೆಯುತ್ತದೋ ಅಲ್ಲೇ ಬಿಸಿ ಇರುತ್ತದೆ. ಮುಂದಿನ ಭೇಟಿಗಳಲ್ಲಿ ಆ ಎರಡು ನಿಮಿಷವನ್ನೇ ನಿಧಾನಿಸಿ ಹೇಳಿಸುತ್ತಾರೆ. ಹೊರಗಿನ ಅಭ್ಯಾಸದಲ್ಲಿ ಕಳ್ಳದಾರಿಗಳು ಬೇರೆ. ಅಂಗಡಿಗೆ ಹೋಗುತ್ತಾರೆ, ಆದರೆ ಹೊರಗೆ ಹೋಗುವ ಬಾಗಿಲ ಪಕ್ಕವೇ ನಿಲ್ಲುತ್ತಾರೆ, ಹೆಂಡತಿಯ ಕೈ ಬಿಡುವುದಿಲ್ಲ. ಹೀಗೆ ಹತ್ತು ಸಲ ಹೋದರೂ ‘ಬಾಗಿಲು ಹತ್ತಿರ ಇದ್ದದ್ದರಿಂದ ಬಚಾವ್’ ಎಂಬ ಪಾಠವೇ ಗಟ್ಟಿಯಾಗುತ್ತದೆ. ಇನ್ನು ಚಿಕಿತ್ಸಕರದೂ ಒಂದು ತಪ್ಪಿಸಿಕೊಳ್ಳುವಿಕೆ ಉಂಟು. ಎದುರಿನವರು ಅಳಲು ಶುರು ಮಾಡಿದ ತಕ್ಷಣ ‘ಸಾಕು, ಇವತ್ತಿಗೆ ನಿಲ್ಲಿಸೋಣ’ ಎಂದರೆ, ಈ ನೆನಪು ನಿಜಕ್ಕೂ ಮುಟ್ಟಬಾರದ್ದು ಎಂದು ವೈದ್ಯರೇ ಮೊಹರು ಒತ್ತಿದಂತೆ.

ಪೆಟ್ರೀಷಿಯಾ ರೆಸಿಕ್ ರೂಪಿಸಿದ ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ 12 ಭೇಟಿಗಳದು. ಘಟನೆಯನ್ನು ವಿವರವಾಗಿ ಹೇಳಲೇಬೇಕೆಂದಿಲ್ಲ. ಘಟನೆ ಏಕೆ ಆಯಿತು, ಅದರಿಂದ ತನ್ನ ಬಗ್ಗೆ, ಲೋಕದ ಬಗ್ಗೆ ಏನು ನಂಬುವಂತಾಯಿತು ಎಂದು ಒಂದು ಪುಟ ಬರೆಸುತ್ತಾರೆ. ಆ ಪುಟದಲ್ಲಿ ಸಿಕ್ಕಿಕೊಂಡ ವಾಕ್ಯಗಳನ್ನು ಹುಡುಕುತ್ತಾರೆ. ಉದಾಹರಣೆಗೆ, ‘ನಾನು ಬೇರೆ ದಾರಿ ಆರಿಸಿದ್ದರೆ ಅವನು ಬದುಕುತ್ತಿದ್ದ.’ ಹಾಳೆಯಲ್ಲಿ ಮೂರು ಅಂಕಣ: ಏನಾಯಿತು, ನಾನು ನನಗೇನು ಹೇಳಿಕೊಂಡೆ, ಏನನ್ನಿಸಿತು. ಆಮೇಲೆ ಪ್ರಶ್ನೆಗಳು. ಆ ದಿನ ಬೆಳಿಗ್ಗೆ ನಿಮಗೆ ಗೊತ್ತಿದ್ದದ್ದು ಏನು? ಇನ್ನೊಂದು ದಾರಿಯಲ್ಲಿ ಬಾಂಬ್ ಇರಲಿಲ್ಲ ಎಂದು ಆಗ ಹೇಗೆ ಗೊತ್ತಾಗುತ್ತಿತ್ತು? ಬಾಂಬ್ ಇಟ್ಟವರು ಯಾರು? ‘ನಿಮ್ಮ ತಪ್ಪಿಲ್ಲ ಬಿಡಿ’ ಎಂದು ಚಿಕಿತ್ಸಕರು ಹೇಳಿದರೆ ಅದು ನಿಲ್ಲುವುದಿಲ್ಲ. ಇಂಥ ಪ್ರಶ್ನೆಗಳ ಮೂಲಕ ತಾವೇ ಆ ತೀರ್ಮಾನಕ್ಕೆ ಬಂದರೆ ನಿಲ್ಲುತ್ತದೆ. ಕೊನೆಯ ಭೇಟಿಗಳಲ್ಲಿ ಸುರಕ್ಷತೆ, ನಂಬಿಕೆ, ಹಿಡಿತ, ಗೌರವ, ಆಪ್ತತೆ ಎಂಬ ಐದು ವಿಷಯಗಳನ್ನು ಒಂದೊಂದಾಗಿ ನೋಡುತ್ತಾರೆ.

ಎಲ್ಲ ತಪ್ಪಿತಸ್ಥ ಭಾವವೂ ತಪ್ಪು ಲೆಕ್ಕದ್ದಲ್ಲ. ಮಾಡಬಾರದ್ದನ್ನು ಮಾಡಿದ, ತಡೆಯಬೇಕಾದ್ದನ್ನು ತಡೆಯದೆ ನಿಂತ ಸೈನಿಕರೂ ಇದ್ದಾರೆ. ಇದನ್ನು ‘ನೈತಿಕ ಗಾಯ’ ಎನ್ನುತ್ತಾರೆ. ಅದು ಭಯದ ಕಾಯಿಲೆಯಲ್ಲ, ಹಾಗಾಗಿ ಅಂಗಡಿಗೆ ಹೋಗುವ ಅಭ್ಯಾಸದಿಂದ ಗುಣವಾಗುವುದಿಲ್ಲ. ಅಲ್ಲಿ ಕೇಳಬೇಕಾದ್ದು ಉದ್ದೇಶ ಏನಿತ್ತು, ನಿಮ್ಮ ಪಾಲು ಎಷ್ಟು, ಆ ಪಾಲಿಗೆ ಇನ್ನು ಏನು ಮಾಡಬಹುದು ಎಂದು. ಈ ಹಂತದಲ್ಲಿ ಅವಸರದ ಕ್ಷಮೆ ಕೊಡುವ ಚಿಕಿತ್ಸಕರ ಬಳಿ ಎರಡನೇ ಸಲ ಯಾರೂ ಬರುವುದಿಲ್ಲ.

ಇಎಂಡಿಆರ್‌ನಲ್ಲಿ ನೆನಪನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಚಿಕಿತ್ಸಕರ ಬೆರಳನ್ನು ಕಣ್ಣಲ್ಲೇ ಅತ್ತಿತ್ತ ಹಿಂಬಾಲಿಸಬೇಕು. ಕಣ್ಣಿನ ಚಲನೆಯೇ ಕೆಲಸ ಮಾಡುತ್ತದೋ ನೆನಪನ್ನು ಎದುರಿಸಿದ್ದು ಮಾಡುತ್ತದೋ ಎಂಬ ವಾದ ಮುಗಿದಿಲ್ಲ. ಫಲ ಇದೆ ಎಂಬುದರಲ್ಲಿ ವಾದವಿಲ್ಲ.

ದೊಡ್ಡ ಸಮಸ್ಯೆ ಎಂದರೆ ನಡುವೆ ಬಿಟ್ಟು ಹೋಗುವುದು. ಎರಡು ಉಪಾಯಗಳಿಗೆ ಒಳ್ಳೆಯ ಆಧಾರ ಇದೆ. ಐದೇ ಭೇಟಿಯ, ಪ್ರತಿ ಸಲ 30 ನಿಮಿಷ ಘಟನೆಯನ್ನು ಕೈಯಾರೆ ಬರೆಸುವ ಚಿಕಿತ್ಸೆ 2018ರ ಪರೀಕ್ಷೆಯೊಂದರಲ್ಲಿ 12 ಭೇಟಿಯ ಕಾಗ್ನಿಟಿವ್ ಪ್ರೊಸೆಸಿಂಗ್‌ಗೆ ಸರಿಸಮ ನಿಂತಿತು. ಬಿಟ್ಟು ಹೋದವರು ಇದರಲ್ಲಿ ಸುಮಾರು ಶೇ 6, ಅದರಲ್ಲಿ ಸುಮಾರು ಶೇ 40. ಅದೇ ವರ್ಷ ಸೇವೆಯಲ್ಲಿದ್ದ ಸೈನಿಕರ ಮೇಲೆ ನಡೆದ ಇನ್ನೊಂದು ಪರೀಕ್ಷೆಯಲ್ಲಿ 10 ಎಕ್ಸ್‌ಪೋಶರ್ ಭೇಟಿಗಳನ್ನು 8 ವಾರಕ್ಕೆ ಹಂಚುವ ಬದಲು 2 ವಾರದಲ್ಲಿ ಮುಗಿಸಿದರೂ ಫಲ ಕಡಿಮೆಯಾಗಲಿಲ್ಲ. ಭೇಟಿಗಳ ನಡುವೆ ಏಳು ದಿನ ಬಿಟ್ಟರೆ ‘ಈ ವಾರ ಬೇಡ’ ಎನ್ನಲು ಏಳು ದಿನ ಸಿಗುತ್ತದೆ.

ಮಾತ್ರೆಗಳು

ಆಧಾರ ಇರುವುದು ಮೂರಕ್ಕೆ. ಸರ್ಟ್ರಲಿನ್: ವಾರ ಕಾಲ ದಿನಕ್ಕೆ 25 ಮಿ.ಗ್ರಾಂ, ನಂತರ 50, ಬೇಕಾದರೆ ನಿಧಾನವಾಗಿ 200ರವರೆಗೆ. ಪ್ಯಾರಾಕ್ಸೆಟಿನ್: 20ರಿಂದ ಶುರು. ವೆನ್ಲಾಫ್ಯಾಕ್ಸಿನ್: 37.5ರಿಂದ ಶುರು ಮಾಡಿ 225ರ ಆಸುಪಾಸಿಗೆ, ರಕ್ತದೊತ್ತಡ ನೋಡಿಕೊಳ್ಳುತ್ತಾ. ಇವೆಲ್ಲ ವೈದ್ಯರು ನಿರ್ಧರಿಸಬೇಕಾದ ಪ್ರಮಾಣಗಳು. ಸಾಮಾನ್ಯ ತಪ್ಪು 50ಕ್ಕೇ ನಿಂತು, ನಾಲ್ಕು ವಾರಕ್ಕೇ ‘ಕೆಲಸ ಮಾಡಲಿಲ್ಲ’ ಎಂದು ಬದಲಿಸುವುದು. ಸಾಕಷ್ಟು ಪ್ರಮಾಣದಲ್ಲಿ 8–12 ವಾರ ನೋಡದೆ ತೀರ್ಪು ಕೊಡಬಾರದು. ಲೈಂಗಿಕ ತೊಂದರೆ ಬರಬಹುದು ಎಂದು ಮೊದಲೇ ಹೇಳದಿದ್ದರೆ, ಹೇಳಲು ನಾಚಿ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಪ್ಯಾರಾಕ್ಸೆಟಿನ್ ಮತ್ತು ವೆನ್ಲಾಫ್ಯಾಕ್ಸಿನ್ ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ವಾಕರಿಕೆ, ತಲೆಯಲ್ಲಿ ವಿದ್ಯುತ್ ಹೊಡೆದಂಥ ಅನುಭವ ಆಗುತ್ತದೆ.

ದುಃಸ್ವಪ್ನಕ್ಕೆ ಕೊಡುವ ಪ್ರಾಜೋಸಿನ್‌ನದು ವಿಚಿತ್ರ ಚರಿತ್ರೆ. ಸಣ್ಣ ಪರೀಕ್ಷೆಗಳಲ್ಲಿ ಭರವಸೆ ಹುಟ್ಟಿಸಿತು. 2018ರಲ್ಲಿ 304 ಮಾಜಿ ಸೈನಿಕರ ದೊಡ್ಡ ಪರೀಕ್ಷೆಯಲ್ಲಿ ಔಷಧಿಯೇ ಇಲ್ಲದ ಹುಸಿ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ. ಆದರೂ 2023ರ ಮಾರ್ಗಸೂಚಿ ದುಃಸ್ವಪ್ನಕ್ಕೆ ಅದನ್ನು ದುರ್ಬಲವಾಗಿಯಾದರೂ ಸೂಚಿಸುತ್ತದೆ. ರಾತ್ರಿ 1 ಮಿ.ಗ್ರಾಂನಿಂದ ಶುರು. ಮೊದಲ ಡೋಸ್ ತಗೊಂಡು ರಾತ್ರಿ ಥಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ಬೀಳುವ ಅಪಾಯ ಇದೆ.

ಅಲ್ಪ್ರಜೋಲಮ್, ಕ್ಲೋನಜಿಪಾಮ್, ಲೊರಾಜಿಪಾಮ್ ಜಾತಿಯ ಮಾತ್ರೆ ಕೊಡಬೇಡಿ ಎಂದು ಮಾರ್ಗಸೂಚಿ ಖಚಿತವಾಗಿ ಹೇಳುತ್ತದೆ. ಆ ರಾತ್ರಿ ನಿದ್ದೆ ಬರುತ್ತದೆ ನಿಜ. ಆದರೆ ಭಯ ಏರಿದಾಗಲೆಲ್ಲ ನುಂಗಿದರೆ ಅದೂ ಒಂದು ಎದ್ದು ಓಡುವ ದಾರಿ, ಚಟವಾಗುತ್ತದೆ, ಮದ್ಯದ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು. ಗಾಂಜಾ ಕೂಡ ಬೇಡದ ಪಟ್ಟಿಯಲ್ಲಿದೆ. ಎಂಡಿಎಂಎ ಎಂಬ ಮಾದಕ ವಸ್ತುವಿನ ಜೊತೆಗಿನ ಚಿಕಿತ್ಸೆಗೆ 2024ರ ಆಗಸ್ಟ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಡಲಿಲ್ಲ.

ಎಷ್ಟು ಗುಣ, ಎಷ್ಟು ಉಳಿಕೆ

ಸೈನಿಕರು ಮತ್ತು ಮಾಜಿ ಸೈನಿಕರ ಮೇಲಿನ ಪರೀಕ್ಷೆಗಳನ್ನು ಒಟ್ಟುಗೂಡಿಸಿದ 2015ರ ಪರಿಶೀಲನೆಯೊಂದರ ಪ್ರಕಾರ, ಪ್ರೊಲಾಂಗ್ಡ್ ಎಕ್ಸ್‌ಪೋಶರ್ ಅಥವಾ ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ ಪಡೆದವರಲ್ಲಿ ಶೇ 49ರಿಂದ 70 ಮಂದಿಗೆ ಗಮನಾರ್ಹ ಸುಧಾರಣೆ ಕಂಡಿತು. ಆದರೆ ಸುಮಾರು ಮೂರನೇ ಎರಡರಷ್ಟು ಜನ ಚಿಕಿತ್ಸೆ ಮುಗಿದ ಮೇಲೂ ರೋಗನಿರ್ಣಯದ ಗೆರೆಯ ಮೇಲೇ ಉಳಿದರು. ಈ ಎರಡನ್ನೂ ಮೊದಲ ದಿನವೇ ಹೇಳಬೇಕು. ಸುಧಾರಿಸಿದವರಲ್ಲಿ ಹಲವರಿಗೆ ದುಃಸ್ವಪ್ನ ವಾರಕ್ಕೆ ಐದರಿಂದ ತಿಂಗಳಿಗೆ ಒಂದಕ್ಕೆ ಇಳಿದಿರಬಹುದು. ಕಾಗದದ ಮೇಲೆ ಕಾಯಿಲೆ ಇನ್ನೂ ಇದೆ, ಮನೆಯಲ್ಲಿ ಬದುಕು ಬೇರೆಯಾಗಿದೆ.

ಅಳೆಯದೆ ಇದು ತಿಳಿಯುವುದಿಲ್ಲ. ಒಂದೆರಡು ವಾರಕ್ಕೊಮ್ಮೆ ಪಿಸಿಎಲ್-5 ತುಂಬಿಸಬೇಕು. ನಾಲ್ಕೈದು ಅಂಕದ ಏರಿಳಿತ ಲೆಕ್ಕಕ್ಕಿಲ್ಲ. 10 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಮಾತ್ರ ಏನೋ ಆಗುತ್ತಿದೆ. ಶುರುವಿನ ಭೇಟಿಗಳಲ್ಲಿ ಅಂಕ ಏರುವುದೂ ಉಂಟು, ಮುಚ್ಚಿಟ್ಟದ್ದನ್ನು ತೆರೆದಿದ್ದೀರಿ. ಅರ್ಧ ದಾರಿ ಕಳೆದರೂ ಇಳಿಯದಿದ್ದರೆ ಮನೆಕೆಲಸ ನಡೆಯುತ್ತಿದೆಯೇ, ಹೇಳುತ್ತಿರುವುದು ನಿಜವಾಗಿ ಕಾಡುವ ಘಟನೆಯನ್ನೇ ಅಥವಾ ಹೇಳಲು ಸುಲಭವಾದ ಇನ್ನೊಂದನ್ನೇ ಎಂದು ನೋಡಬೇಕು. ಎರಡನೆಯದು ಊಹಿಸುವುದಕ್ಕಿಂತ ಹೆಚ್ಚು.

ಮನೆಯವರು ಮಾಡಬಹುದಾದ್ದು ಸ್ವಲ್ಪ, ಆದರೆ ನಿಖರ. ದುಃಸ್ವಪ್ನದಲ್ಲಿ ಒದ್ದಾಡುವವರನ್ನು ಮುಟ್ಟಿ ಎಬ್ಬಿಸಬಾರದು. ದೀಪ ಹಾಕಿ, ಕಾಲಿನ ಕಡೆ ಕೈಗೆ ಸಿಗದಷ್ಟು ದೂರ ನಿಂತು, ಹೆಸರು ಹಿಡಿದು ಕರೆದು ‘ಮನೆಯಲ್ಲಿದ್ದೀರಿ’ ಎನ್ನಬೇಕು. ಹಗಲಿನಲ್ಲಿ ಅವರ ಬದಲು ತಾವೇ ಎಲ್ಲ ಕಡೆ ಹೋಗುವುದು, ಮಕ್ಕಳನ್ನು ಸದಾ ಸುಮ್ಮನಿರಿಸುವುದು ಪ್ರೀತಿಯಿಂದಲೇ ಆದರೂ ತಪ್ಪಿಸಿಕೊಳ್ಳುವಿಕೆಗೆ ಮನೆಯವರ ಕಾಣಿಕೆ. ಒಂದೇ ಸಲ ನಿಲ್ಲಿಸಬೇಕಿಲ್ಲ. ಚಿಕಿತ್ಸೆಯ ಪಟ್ಟಿಯ ಜೊತೆ ಜೊತೆಗೇ ಒಂದೊಂದಾಗಿ ಬಿಡುತ್ತಾ ಬರಬೇಕು.

ಮೂವತ್ತು ವರ್ಷ ಏನೂ ಇಲ್ಲದೆ, ಅರವತ್ತು ದಾಟಿ ಎರಡನೇ ನೌಕರಿಯಿಂದಲೂ ನಿವೃತ್ತರಾದ ಮೇಲೆ ಕನಸು ಶುರುವಾಗುವವರಿದ್ದಾರೆ. ದಿನಕ್ಕೆ ಹದಿನಾಲ್ಕು ಗಂಟೆಯ ಕೆಲಸವೇ ಅವರ ತಪ್ಪಿಸಿಕೊಳ್ಳುವ ದಾರಿಯಾಗಿತ್ತು, ಅದು ಈಗ ಮುಚ್ಚಿದೆ. ಇದನ್ನು ಮುಪ್ಪಿನ ಮರೆವು ಅಥವಾ ಬೇಸರ ಎಂದು ತಳ್ಳಿಹಾಕುವ ಮೊದಲು ಸೇವೆಯ ದಿನಗಳ ಬಗ್ಗೆ ಕೇಳಬೇಕು. ವಯಸ್ಸಾಯಿತೆಂದು ಈ ಚಿಕಿತ್ಸೆಗಳನ್ನು ತಡೆಹಿಡಿಯಬೇಕಿಲ್ಲ. ಹಿಂದೊಮ್ಮೆ ಚಿಕಿತ್ಸೆ ಪಡೆದು ಗುಣವಾಗಿದ್ದವರಿಗೆ ಮತ್ತೆ ಕಾಣಿಸಿಕೊಂಡರೆ ಮೊದಲಿನಿಂದ ಶುರು ಮಾಡಬೇಕಾಗಿಯೂ ಇಲ್ಲ. ಹಳೆಯ ಪಟ್ಟಿ, ಹಳೆಯ ಹಾಳೆಗಳನ್ನು ತೆಗೆದು ಕೆಲವೇ ಭೇಟಿಗಳಲ್ಲಿ ಮತ್ತೆ ದಾರಿಗೆ ಬರುವವರು ಅನೇಕ.